ಎಡಗಾಲಿನ ಕಲೆ

ಆ ಮನೆಯಲ್ಲಿ ಅಪ್ಪ ಮಗ ನೇರವಾಗಿ ಮಾತಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹಾಗಂತ ಹಗೆಯೇನೂ ಇರಲಿಲ್ಲ. ಒಂದೇ ಮೇಜಿನಲ್ಲಿ ಊಟ, ಒಂದೇ ಪೇಪರಿನ ಹಾಳೆಗಳನ್ನು ಹಂಚಿಕೊಂಡು ಓದು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಓಡಿಹೋಗಿ ಮಾತ್ರೆ ತರುತ್ತಿದ್ದರು, ತಂದು ಸೊಸೆಯ ಕೈಗೆ ಕೊಡುತ್ತಿದ್ದರು. ಮಾತು ಮಾತ್ರ ಸೊಸೆಯನ್ನು ಹಾದೇ ಹೋಗಬೇಕು.

"ನೋಡಮ್ಮ, ಉಪ್ಪಿನ ಡಬ್ಬಿ ನಿನ್ನ ಗಂಡನ ಹತ್ತಿರ ಇದೆ. ಈ ಕಡೆ ತಳ್ಳೋದಕ್ಕೆ ಹೇಳು" ಎನ್ನುವರು ಮಾವ.

"ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದು ನೆನಪಿದೆಯಾ ಅಂತ ನಿಮ್ಮ ಮಾವನ್ನ ಕೇಳು" ಎನ್ನುವನು ಗಂಡ.

ಇಬ್ಬರ ಕಿವಿಯೂ ಚೆನ್ನಾಗಿಯೇ ಇತ್ತು. ಮೇಜು ಕೂಡ ಅಂಥ ದೊಡ್ಡದೇನಲ್ಲ. ಆದರೂ ನಡುವೆ ಕೂತ ಸೊಸೆ ಆ ಮಾತನ್ನು ಈ ಕಡೆಗೆ, ಈ ಮಾತನ್ನು ಆ ಕಡೆಗೆ ದಾಟಿಸಿ, ಡಬ್ಬಿಯನ್ನೂ ದಾಟಿಸಿ, ತನ್ನ ತಟ್ಟೆಯತ್ತ ತಿರುಗುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. ಬಿಸಿ ಊಟ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಇದಕ್ಕೆಲ್ಲ ಮೂಲ ಅಂಗಳದಲ್ಲಿ ನಿಂತಿದ್ದ ಆ ವ್ಯಾನೇ. ಮಾವ ಬಸ್ ಡಿಪೋದಲ್ಲಿ ಡ್ರೈವರಾಗಿದ್ದು ನಿವೃತ್ತರಾದವರು. ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಲಾಂಡ್ರಿ ಶುರುಮಾಡಿದಾಗ, ಬಟ್ಟೆ ಸಾಗಿಸಲೆಂದು ಆಗಲೇ ಹಳೆಯದಾಗಿದ್ದ ಈ ವ್ಯಾನನ್ನು ತಂದಿದ್ದರು. ಮಗನಿಗೂ ಓಡಿಸುವುದು ಕಲಿಸೋಣವೆಂದು ಒಂದು ಭಾನುವಾರ ಹೊರಟರು. ಪೇಟೆಯ ನಟ್ಟನಡುವೆ, ಹಿಂದೆ ಗಾಡಿಗಳು ಹಾರನ್ ಹೊಡೆಯುತ್ತಿರುವಾಗ, "ಕ್ಲಚ್ ಮೆಲ್ಲಗೆ ಬಿಡೋ, ಮೆಲ್ಲಗೆ! ಕಾಲಿದೆಯೋ ಕಂಬವಿದೆಯೋ ನಿಂಗೆ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಮಗ ವ್ಯಾನನ್ನು ಅಲ್ಲೇ ಬಿಟ್ಟು ಇಳಿದು ನಡೆದುಕೊಂಡು ಮನೆಗೆ ಬಂದ. ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತದ್ದೂ ಆಯಿತು, ಲೈಸೆನ್ಸ್ ಬಂದದ್ದೂ ಆಯಿತು. ಮಾತು ಮಾತ್ರ ವಾಪಸು ಬರಲಿಲ್ಲ.

ಆ ಮನೆಯಲ್ಲಿ ಎಲ್ಲರಿಗೂ ಅವರವರ ಕೆಲಸವಿತ್ತು. ಸೊಸೆ ಬಟ್ಟೆ ಬೇರ್ಪಡಿಸಿ, ಕಲೆ ನೋಡಿ, ಮಷೀನಿಗೆ ಹಾಕುವಳು. ಅತ್ತೆ ಇಸ್ತ್ರಿ ಹಾಕಿ ಮಡಚುವರು. ಮಾವ ವ್ಯಾನಿನಲ್ಲಿ ನರ್ಸಿಂಗ್ ಹೋಮಿಗೂ ಎರಡು ಲಾಡ್ಜುಗಳಿಗೂ ಬೆಡ್‌ಶೀಟು ಮುಟ್ಟಿಸಿ, ಕೊಳೆ ಬಟ್ಟೆ ತರುವರು. ಕಾಲೇಜಿಗೆ ಹೋಗುವ ಮಗಳು ಬಿಲ್ಲು ಬರೆಯುವಳು, ಮೊಬೈಲು ಬಿಟ್ಟಿದ್ದರೆ. ಗಂಡ ನಲ್ಲಿ, ಪೈಪು ರಿಪೇರಿ ಮಾಡುವವನು. ಸುತ್ತಲಿನವರು ಅವನನ್ನು ನಲ್ಲಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಊರವರ ಮನೆಯ ಸೋರಿಕೆಯನ್ನೆಲ್ಲ ನಿಲ್ಲಿಸಿ ಬರುತ್ತಿದ್ದ ಈ ಡಾಕ್ಟರಿಗೆ ತನ್ನ ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಮಾತ್ರ ಕಾಣುತ್ತಿರಲಿಲ್ಲ.

ಹೀಗಿರುವಾಗ ವ್ಯಾನು ಗೊರಗುಟ್ಟಲು ಶುರುಮಾಡಿತು. ಬೆಳಿಗ್ಗೆ ಮಾವ ರಿವರ್ಸ್ ಹಾಕಿದರೆ ಸಾಕು, ಗರ್ರ್ ಎಂದು ಹಲ್ಲು ಕಡಿಯುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಅತ್ತೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕಣ್ಣು ಮುಚ್ಚಿಕೊಳ್ಳುವರು.

"ಕಾಲು ಪೂರ್ತಿ ಒತ್ತುತ್ತಿಲ್ಲ" ಎಂದ ಗಂಡ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ವಯಸ್ಸಾದ ಮೇಲೆ ಎಡಗಾಲಿಗೆ ಶಕ್ತಿ ಇರಲ್ಲ. ಹೇಳು ಅವರಿಗೆ."

"ಅವರೇ ಕೂತಿದ್ದಾರಲ್ಲ ಎದುರಿಗೆ."

"ನೀನು ಹೇಳು."

ಮಾವ ಟೀ ಲೋಟ ಕೆಳಗಿಟ್ಟರು. "ಜನ ತುಂಬಿದ ಬಸ್ಸು ಓಡಿಸಿದ ಕಾಲಿದು. ಹೇಳು ನಿನ್ನ ಗಂಡನಿಗೆ."

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದಳು ಸೊಸೆ. ಯಾರೂ ನಗಲಿಲ್ಲ. ಮಗಳು ಮಾತ್ರ ಮೊಬೈಲಿನೊಳಗೆ ಕಿಸಕ್ಕೆಂದಳು.

ಗಂಡ ಅಷ್ಟಕ್ಕೆ ಬಿಡಲಿಲ್ಲ. ಟಾರ್ಚು ಹಿಡಿದು ವ್ಯಾನಿನ ಕೆಳಗೆ ನುಸುಳಿ ನೋಡಿ ಬಂದ. ನೆಲ ಒಣಗಿತ್ತು. ಕ್ಲಚ್ಚಿನ ಆಯಿಲ್ ಇರುವ ಕೆಳಗಿನ ಸಿಲಿಂಡರಿನ ರಬ್ಬರ್ ಸರಿಸಿ ಬೆರಳಾಡಿಸಿದರೆ ಅದೂ ಒಣಗಿತ್ತು. "ಒಂದು ಹನಿ ಇಲ್ಲ. ಸೋರೋದಾದ್ರೆ ಕೆಳಗೆ ಬೀಳ್ಬೇಕು ತಾನೇ? ಗಾಡಿ ಸರಿಯಾಗಿದೆ, ಕಾಲೇ ಸರಿಯಿಲ್ಲ" ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಂಡ. ಮಾವ ತಾವೂ ಒಮ್ಮೆ ಬಗ್ಗಿ ನೆಲ ನೋಡಿ ಒಳಗೆ ಹೋದರು. ಬಾನೆಟ್ ಎತ್ತಿ ನೋಡುವ ಮಾತಿರಲಿ, ಅದರ ಹಿಡಿ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿದ್ದಂತಿರಲಿಲ್ಲ. ಡಿಪೋದಲ್ಲಿ ಡ್ರೈವರು ದೂರು ಬರೆಯಬೇಕು, ರಿಪೇರಿ ಮೆಕ್ಯಾನಿಕ್ಕಿನದು. ಬಾನೆಟ್ ಮುಟ್ಟುವ ಡ್ರೈವರೆಂದರೆ ಅವರ ಕಣ್ಣಿಗೆ ಅಡುಗೆಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆಯುವ ನೆಂಟನಿದ್ದ ಹಾಗೆ.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಒಂದೊಂದೇ ವಿಚಿತ್ರ ಶುರುವಾಯಿತು.

"ಅಮ್ಮಾ, ತಾತ ಮೆಟ್ಟಿಲ ಮೇಲೆ ಎಡಗಾಲಲ್ಲೇ ಹತ್ತಿ ಇಳೀತಿದಾರೆ" ಎಂದಳು ಮಗಳು. "ಕಾಲಿಗೆ ಸೋಪಿನ ಪುಡಿ ಪ್ಯಾಕೆಟ್ ಬೇರೆ ಕಟ್ಕೊಂಡಿದಾರೆ."

"ಯಾವ ಪ್ಯಾಕೆಟ್?"

"ದೊಡ್ಡದು. ಅಂಗಡಿಯಿಂದ ನಿನ್ನೆ ತಂದಿದ್ದು."

ಸೊಸೆ ಬೆಳಗಿನಿಂದ ಹುಡುಕುತ್ತಿದ್ದದ್ದು ಅದನ್ನೇ. ಅವಳಿಗೆ ಸಿಟ್ಟು ಬರಬೇಕೋ ಅಯ್ಯೋ ಅನಿಸಬೇಕೋ ತಿಳಿಯಲಿಲ್ಲ. ಹೋಗಿ ನೋಡಿದರೆ ಮಾವ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದಾರೆ, ಪ್ಯಾಕೆಟ್ಟು ಒಡೆದು ಪಕ್ಕದಲ್ಲಿ ಬಿದ್ದಿದೆ, ಬೆವರು ಗಲ್ಲದಿಂದ ಇಳಿಯುತ್ತಿದೆ. ಪೇಪರು ತಲೆಕೆಳಗಾಗಿದೆ.

ಅತ್ತೆಯದು ಇನ್ನೊಂದು ಕಥೆ. ಮಾವನ ಪ್ಯಾಂಟುಗಳು ಕೊಳೆ ಬುಟ್ಟಿಗೆ ಬರುವುದೇ ನಿಂತುಹೋಯಿತು. ಹಬೆಯುಗುಳುವ ಇಸ್ತ್ರಿಯ ಮುಂದೆ ಇಡೀ ದಿನ ನಿಲ್ಲುವ ಹೆಂಗಸು, ಬಚ್ಚಲಿನ ಬಾಗಿಲು ಹಾಕಿಕೊಂಡು ಗಂಡನ ಪ್ಯಾಂಟನ್ನು ಕೈಯಲ್ಲಿ ಒಗೆದು, ಹಿತ್ತಲಿನ ಮೂಲೆಯಲ್ಲಿ ಟವೆಲ್ಲಿನ ಹಿಂದೆ ಒಣಹಾಕುತ್ತಿದ್ದರು.

"ಮನೇಲಿ ಮೂರು ಮಷೀನಿದೆ ಅತ್ತೆ. ಕೈಯಲ್ಲಿ ಯಾಕೆ ಒಗೀತೀರಿ?"

"ಮಷೀನಲ್ಲಿ ಬಣ್ಣ ಹೋಗುತ್ತೆ."

"ಅದರಲ್ಲಿ ಬಣ್ಣ ಎಲ್ಲುಳಿದಿದೆ ಹೋಗೋದಕ್ಕೆ?"

"ನಿನ್ನ ಕೆಲಸ ನೀನು ನೋಡ್ಕೋ" ಎಂದು ಅತ್ತೆ ಬಾಗಿಲು ಹಾಕಿಕೊಂಡರು.

ಮಾವನಿಗೆ ವ್ಯಾನಿನೊಳಗೆ ಕಾಲ ಕೆಳಗೆ ಹಳೆಯ ಟವೆಲ್ಲು ಹಾಸುವ ಅಭ್ಯಾಸ. ಲಾಂಡ್ರಿಯ ಗಾಡಿ ಎಂದ ಮೇಲೆ ಒಳಗೆ ಮಣ್ಣಿರಬಾರದು ಎನ್ನುವುದು ಅವರ ಶಿಸ್ತು. ಪ್ರತಿ ಸೋಮವಾರ ಹಳೆಯ ಟವೆಲ್ಲು ತೆಗೆದು ನೆಲ ಒರೆಸುವ ಬಟ್ಟೆಗಳ ಜೊತೆ ಮಷೀನಿಗೆ ಹಾಕಿ, ಹೊಸದನ್ನು ಹಾಸುವರು. ಇಷ್ಟು ಚೊಕ್ಕಟವಾದ ವ್ಯಾನು ಇನ್ನೆಲ್ಲೂ ಇರಲಿಕ್ಕಿಲ್ಲ. ಮುಂದೆ ನಡೆದ ಫಜೀತಿಗೆಲ್ಲ ಈ ಚೊಕ್ಕಟತನವೇ ಕಾರಣ ಎಂದು ಆಗ ಯಾರಿಗೆ ಗೊತ್ತು?

ಒಂದು ಗುರುವಾರ ನರ್ಸಿಂಗ್ ಹೋಮಿನ ಹಿಂದಿನ ಗೇಟಿನಲ್ಲಿ ಮಾವ ಕ್ಲಚ್ಚನ್ನು ತಳಕ್ಕೆ ಒತ್ತಿ ಹಿಡಿದಿದ್ದರೂ ವ್ಯಾನು ನಿಲ್ಲದೆ ತೆವಳುತ್ತ ಮುಂದೆ ಹೋಯಿತು. ಬ್ರೇಕು ಹಾಕುವಷ್ಟರಲ್ಲಿ, ಆಗತಾನೇ ಇಳಿಸಿದ ಬಿಳಿ ಬೆಡ್‌ಶೀಟುಗಳ ಟ್ರಾಲಿಯನ್ನು ಮೂತಿಯಿಂದ ತಳ್ಳಿ, ಕೊಳಾಯಿಯ ಕೆಸರಿನಲ್ಲಿ ಮಗುಚಿ ಹಾಕಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮೇಟ್ರನ್ ಫೋನು ಮಾಡಿ, ಮುದುಕರನ್ನು ಕಳಿಸಿ ಜನರನ್ನು ಕೊಲ್ಲಿಸಬೇಡಿ ಎಂದರು. ಅದನ್ನು ಕೇಳಿಸಿಕೊಂಡದ್ದೂ ಸೊಸೆಯೇ.

ಸಂಜೆ ಊಟದ ಹೊತ್ತಿಗೆ ಗಂಡ ಬಂದವನು ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ವ್ಯಾನಿನ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

"ಇನ್ನು ಸಾಕು ಅಂತ ಹೇಳು. ಇವತ್ತು ಟ್ರಾಲಿ, ನಾಳೆ ಮನುಷ್ಯರು. ಮುಂದಿನ ವಾರ ಭಾನುವಾರ ಒಬ್ಬ ಗಿರಾಕಿ ಬರ್ತಾನೆ, ಮಾರಿಬಿಡೋಣ. ಬಟ್ಟೆ ಸಾಗಿಸೋದಕ್ಕೆ ಬಾಡಿಗೆ ಗಾಡಿ ಇಟ್ಕೊಳ್ಳೋಣ."

ಮಾವ ಜಗಳವಾಡುತ್ತಾರೆಂದು ಸೊಸೆ ಕಾದಳು. ಅವರು ಆಡಲಿಲ್ಲ. ಬರಿದಾದ ಮೊಳೆಯನ್ನು ನೋಡಿ, "ಸರಿ ಅಂತ ಹೇಳಮ್ಮ" ಎಂದು ಎದ್ದುಹೋದರು. ತಟ್ಟೆಯಲ್ಲಿ ಅರ್ಧ ಮೊಟ್ಟೆ ಹಾಗೇ ಉಳಿದಿತ್ತು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮಾವ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳು.

ಬಾಡಿಗೆ ಗಾಡಿಯ ವೈಭವವನ್ನೂ ಮನೆಯವರು ಬೇಗನೇ ಕಂಡರು. ಬರುತ್ತೇನೆಂದ ಹೊತ್ತಿಗೆ ಬಾರದು, ಬಂದರೆ ಮೀನಿನ ವಾಸನೆ. ಲಾಡ್ಜಿನವರು ದಿಂಬಿನ ಕವರು ಮೂಸಿ ನೋಡಿ ವಾಪಸು ಕಳಿಸಿದರು. ಮಾವ ಈಗ ಇಡೀ ದಿನ ಮನೆಯಲ್ಲೇ. ಮಷೀನಿನ ಮುಂದೆ ಕುರ್ಚಿ ಹಾಕಿಕೊಂಡು ಬಟ್ಟೆ ತಿರುಗುವುದನ್ನೇ ನೋಡುವರು. ನಡುನಡುವೆ "ಈ ಮಷೀನು ಎಡಕ್ಕೆ ಎಳೀತಿದೆ" ಎನ್ನುವರು. ಸೊಸೆ ಹಲ್ಲು ಕಚ್ಚಿಕೊಂಡು ಬಟ್ಟೆ ಬೇರ್ಪಡಿಸುವಳು.

ಮರುವಾರದ ಶುಕ್ರವಾರ ಗಂಡ, "ಗಿರಾಕಿ ಬರೋ ಮುಂಚೆ ಒಳಗೆಲ್ಲ ಒರೆಸಿಡು" ಎಂದು ಕೀಲಿ ಕೊಟ್ಟು ಕೆಲಸಕ್ಕೆ ಹೋದ. ಸೊಸೆ ಬಕೆಟ್ಟು ಹಿಡಿದು ವ್ಯಾನಿನ ಬಾಗಿಲು ತೆಗೆದಳು. ಕಾಲ ಕೆಳಗಿನ ಟವೆಲ್ಲನ್ನು ಈ ಸಲ ಯಾರೂ ಬದಲಾಯಿಸಿರಲಿಲ್ಲ. ಎತ್ತಿದಳು. ಎಡಮೂಲೆ ಜಿಗುಟುಜಿಗುಟಾಗಿ ಒದ್ದೆಯಾಗಿತ್ತು.

ಅವಳ ಕೈ ಅಲ್ಲೇ ನಿಂತಿತು. ವ್ಯಾನು ಬಿಸಿಲಲ್ಲಿ ಬಾಗಿಲು ಹಾಕಿ ನಿಂತು ವಾರದ ಮೇಲಾಗಿದೆ. ನೀರಾಗಿದ್ದರೆ ಎಂದೋ ಒಣಗಬೇಕಿತ್ತು. ಎಣ್ಣೆಯಿರಬೇಕು ಎಂದುಕೊಂಡು ಒಳಗೆ ತಂದು, ಎಣ್ಣೆ ಕಲೆಯ ಟಬ್ಬಿಗೆ ಹಾಕುವ ಮೊದಲು ಸುಮ್ಮನೆ ನಲ್ಲಿಯ ಕೆಳಗೆ ಹಿಡಿದಳು. ಸೋಪಿಲ್ಲ, ಸೋಡಾ ಇಲ್ಲ, ಬರೀ ತಣ್ಣೀರಿಗೆ ಕಲೆ ಹಾಗೇ ಬಿಟ್ಟುಕೊಂಡು ಹರಿದುಹೋಯಿತು. ಎಣ್ಣೆಯಾಗಿದ್ದರೆ ಇಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಟೀ, ರಕ್ತ, ಶಾಯಿ, ಗ್ರೀಸು, ಕೂದಲಿಗೆ ಹಚ್ಚುವ ಬಣ್ಣ, ಎಲ್ಲದರ ಹಟಮಾರಿತನವನ್ನೂ ಕಂಡವಳು ಅವಳು. ಒಣಗದ, ಆದರೆ ನೀರಿಗೆ ಕರಗುವ ಇಂಥ ಕಲೆಯನ್ನು ಅವಳು ಕಂಡಿರಲಿಲ್ಲ.

"ಅತ್ತೆ, ಮಾವನ ಪ್ಯಾಂಟು ತೋರ್ಸಿ."

"ಯಾವ ಪ್ಯಾಂಟು?"

"ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಒಗೀತೀರಲ್ಲ, ಅದು. ಒಗೆಯದೆ ಇರೋದು ಯಾವುದಾದ್ರೂ ಇದೆಯಾ?"

ಅತ್ತೆಯ ಮುಖ ಕೆಂಪಾಯಿತು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತೆಗೆದರು. ಸೊಸೆಯ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ, ಪಿಸುಗುಟ್ಟಿದರು: "ಯಾರಿಗೂ ಹೇಳಬೇಡ. ನಿನ್ನ ಗಂಡನಿಗಂತೂ ಹೇಳಲೇಬೇಡ. ಅವರಿಗೆ ತಡೆದುಕೊಳ್ಳೋದಕ್ಕೆ ಆಗ್ತಿಲ್ಲ. ದಿನಾ ಒದ್ದೆ ಮಾಡ್ಕೊಂಡು ಬರ್ತಿದ್ರು. ಕೇಳಿದ್ರೆ ನರ್ಸಿಂಗ್ ಹೋಮಲ್ಲಿ ನೀರು ತುಳಿದೆ ಅಂತಾರೆ. ಮನೇಲಿ ಕೂತ ಮೇಲೆ ಪರವಾಗಿಲ್ಲ. ಗಾಡಿ ಓಡಿಸೋ ಭಯಕ್ಕೇ ಆಗ್ತಿತ್ತು ಅಂತ ಕಾಣುತ್ತೆ."

ಮಂಚದ ಕೆಳಗಿನಿಂದ ಸುತ್ತಿಟ್ಟ ಪ್ಯಾಂಟು ಹೊರಬಂತು, ಟ್ರಾಲಿ ಮಗುಚಿದ ದಿನ ಹಾಕಿದ್ದು. ಸೊಸೆ ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಮೂಸಿದಳು. ಅತ್ತೆ ಮುಖ ತಿರುಗಿಸಿಕೊಂಡರು.

"ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ ಹಾಗಾದ್ರೆ ಮೇಲಿಂದ ತಾನೇ ಒದ್ದೆ ಆಗ್ಬೇಕು? ಮೊಣಕಾಲು ಒಣಗಿದೆ, ತೊಡೆ ಒಣಗಿದೆ. ಎಡಗಾಲಿನ ಅಂಚು ಮಾತ್ರ ಒದ್ದೆ. ಮನುಷ್ಯರು ಹಿಮ್ಮಡಿಯಿಂದ ಉಚ್ಚೆ ಹೊಯ್ತಾರಾ?"

ಅತ್ತೆ ಪ್ಯಾಂಟನ್ನು ಕೈಗೆ ತೆಗೆದುಕೊಂಡು ಅಂಚು ಮುಟ್ಟಿ ನೋಡಿದರು. "ಅಷ್ಟು ಸೂಕ್ಷ್ಮವಾಗಿ ಯಾರು ನೋಡ್ತಾರೆ? ಗಾಬರಿಯಾಗಿ ನೀರಿಗೆ ಹಾಕಿಬಿಡ್ತಿದ್ದೆ."

ಸೊಸೆ ವ್ಯಾನಿಗೆ ಓಡಿದಳು. ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಕ್ಲಚ್ ಪೆಡಲಿನ ಹಿಂದೆ, ಮೇಲಕ್ಕೆ ಕೈ ಹಾಕಿದಳು. ಪೆಡಲಿನ ಕಡ್ಡಿಯುದ್ದಕ್ಕೂ ಜಾರುಜಾರು. ಬಣ್ಣ ಸುಲಿದು ಬಿಲ್ಲೆಬಿಲ್ಲೆಯಾಗಿ ಕೈಗೆ ಬಂತು. ಮೇಲೆ ಎಂಜಿನ್ನಿನ ಕಡೆಯ ತಗಡಿನ ಗೋಡೆಯಿಂದ ಕಡ್ಡಿ ಒಳಬರುವ ಕಡೆ ಒಂದು ಹನಿ ಕೂತಿತ್ತು, ಬೀಳಲೋ ಬೇಡವೋ ಎಂಬಂತೆ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಅವಳು ಅನ್ನ ಬಡಿಸಲಿಲ್ಲ. ಟವೆಲ್ಲು ತೋರಿಸಿ, ಕಲೆ ಬರೀ ನೀರಿಗೆ ಹೋದದ್ದನ್ನು ಹೇಳಿದಳು.

"ಇದು ನಿಮ್ಮ ಕ್ಲಚ್ಚಿನದ್ದು. ಒಳಗಡೆ ಸೋರ್ತಿದೆ."

"ಕ್ಲಚ್ಚಿಗೆ ಹಾಕೋದು ಬ್ರೇಕ್ ಆಯಿಲ್ ಕಣೇ. ಆಯಿಲ್ ನೀರಲ್ಲಿ ಕರಗುತ್ತಾ? ಯಾರೋ ಜ್ಯೂಸ್ ಚೆಲ್ಲಿರಬೇಕು."

"ಬ್ರೇಕ್ ಆಯಿಲ್ ಇದೆಯಾ ಮನೇಲಿ?"

"ವ್ಯಾನಿನ ಹಿಂದುಗಡೆ ಅರ್ಧ ಬಾಟಲಿ ಇದೆ. ಯಾಕೆ?"

ಅವಳು ಬಾಟಲಿ ತಂದಳು. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಅವನ ತಟ್ಟೆಯ ಪಕ್ಕ ಇಟ್ಟಳು. ಒಂದು ಚಮಚ ಸುರಿದು ಕಲಕಿದಳು. ಒಂದು ತೊಟ್ಟೂ ಮೇಲೆ ತೇಲಲಿಲ್ಲ. ಸಕ್ಕರೆಯ ಪಾಕದ ಹಾಗೆ ನೀರಲ್ಲಿ ಕಣ್ಮರೆಯಾಯಿತು.

ನಲ್ಲಿ ಡಾಕ್ಟರು ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಇನ್ನೊಂದು ಚಮಚ ತಾನೇ ಸುರಿದು ನೋಡಿದ. ಆಮೇಲೆ ಊಟ ಬಿಟ್ಟು ವ್ಯಾನಿಗೆ ಹೋದ. ಮುಂದಿನ ಮುಚ್ಚಳ ಎತ್ತಿ, ಚಿಕ್ಕ ಡಬ್ಬಿಯ ಬಿರಡೆ ತಿರುಗಿಸಿ ಒಳಗೆ ಇಣುಕಿದರೆ ತಳದಲ್ಲಿ ಒಂದಿಷ್ಟು ಕಪ್ಪು ಗಸಿ ಬಿಟ್ಟು ಏನೂ ಇರಲಿಲ್ಲ. ಟಾರ್ಚು ತಂದು ಪೆಡಲಿನ ಮೇಲ್ಭಾಗಕ್ಕೆ ಬೆಳಕು ಬಿಟ್ಟು ನೋಡಿದ.

"ಮೇಲಿನ ಸಿಲಿಂಡರ್" ಎಂದ ಕೊನೆಗೆ. "ರಬ್ಬರ್ ಹೋಗಿದೆ. ಆಯಿಲ್ ಪೆಡಲ್ ಮೇಲಿಂದ ಇಳೀತಿತ್ತು, ಟವೆಲ್ ಅದನ್ನ ಕುಡಿದುಬಿಡ್ತಿತ್ತು. ಅದಕ್ಕೇ ನೆಲಕ್ಕೆ ಬೀಳ್ತಿರಲಿಲ್ಲ."

"ವಾರವಾರ ನಾವು ಒಗೆದು ಚೊಕ್ಕ ಮಾಡ್ತಿದ್ವಿ."

"ನಿಮ್ಮ ಮಾವನಿಗೆ ಹೇಳು, ಕಾಲಲ್ಲ ಅಂತ."

"ಇದನ್ನಾದ್ರೂ ನೀವೇ ಹೇಳಬಾರದಾ?"

ಅವನು ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಹಾಗೆ ತಿರುಗಿಸುತ್ತಲೇ ಇದ್ದ. ಕೊನೆಗೆ ಸೊಸೆಯೇ ಹೋಗಿ ಹೇಳಿದಳು.

ಮಾವ ಮಷೀನಿನ ಮುಂದಿನ ಕುರ್ಚಿಯಲ್ಲೇ ಇದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು. ಎಡ ತೊಡೆಯ ಮೇಲೆ ಅಂಗೈ ಇಟ್ಟುಕೊಂಡರು.

"ಕಾಲಲ್ಲವಾ?"

"ಅಲ್ಲ ಮಾವ. ಕ್ಲಚ್ಚು."

"ನಾನೂ ಬಗ್ಗಿ ನೋಡಿದೆ. ಕೆಳಗೆ ಹನಿ ಇರಲಿಲ್ಲ. ಹಾಗಾದ್ರೆ ಇನ್ನೇನು, ನಾನೇ ಅಂದ್ಕೊಂಡೆ." ಅವರ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ಸಿಟ್ಟು ಮಾಡಿಕೊಂಡರು. "ಎಷ್ಟು ಸಲ ಆ ಮೆಟ್ಟಿಲು ಹತ್ತಿ ಇಳಿದಿದೀನಿ ಗೊತ್ತಾ? ಸುಮ್ಮನೆ! ಒಂದು ರಬ್ಬರಿಗೋಸ್ಕರ!"

"ಸೋಪಿನ ಪುಡಿ ಕೂಡ ಒಡೆದು ಚೆಲ್ಲಿದ್ರಿ. ನಾನು ಸುಮ್ಮನಿರಲಿಲ್ಲವಾ?"

ಗಂಡ ಬಿಡಿಭಾಗದ ಅಂಗಡಿಗೆ ಹೋಗಿ ಹಳೆಯ ಸಿಲಿಂಡರು ತೋರಿಸಿ ಹೊಸದನ್ನು ತಂದ. ಶನಿವಾರ ಇಡೀ ಬೆಳಿಗ್ಗೆ ಪೆಡಲಿನ ಕೆಳಗೆ ತಲೆ ತೂರಿಸಿ, ಬೆನ್ನು ಮುರಿದುಕೊಂಡು, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಅದನ್ನು ಕೂರಿಸಿದ. ಹೊಸ ಆಯಿಲ್ ತುಂಬಿದರು. ಮಾವ ಒತ್ತಿದರೆ ಪೆಡಲು ಜೀವವಿಲ್ಲದ ಹಾಗೆ ತಳಕ್ಕೆ ಬಿದ್ದು ಅಲ್ಲೇ ಉಳಿಯಿತು. ಪೈಪಿನ ತುಂಬ ಗಾಳಿ.

ಗಾಳಿ ತೆಗೆಯುವುದಕ್ಕೆ ಮೂರು ಜನ ಬೇಕು. ಒಬ್ಬರು ಕೆಳಗೆ ಮಲಗಿ ನಿಪ್ಪಲ್ ಎಂಬ ಗಾಳಿ ಬಿಡುವ ತಿರುಪನ್ನು ತಿರುಗಿಸಬೇಕು, ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ಡಬ್ಬಿಗೆ ಆಯಿಲ್ ಸುರಿಯುತ್ತಿರಬೇಕು. ಒತ್ತಿ ಹಿಡಿದಿರುವಾಗ ಕೆಳಗಿನವನು ನಿಪ್ಪಲ್ ಬಿಚ್ಚಿ, ಗಾಳಿ ಹೊರಬಿಟ್ಟು, ಮತ್ತೆ ಬಿಗಿಮಾಡುತ್ತಾನೆ. ಆಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸು ಒಳಗೆ. ಗಂಡ ಇದನ್ನೆಲ್ಲ ಸೊಸೆಗೆ ವಿವರಿಸಿದ. ಮಾವ ಪಕ್ಕದಲ್ಲೇ ನಿಂತು ತಲೆದೂಗಿದರು. ಅವನು ಕೆಳಗೆ ನುಸುಳಿದ, ಮಾವ ಸೀಟಿಗೆ ಹತ್ತಿದರು, ಸೊಸೆ ಬಾಟಲಿ ಹಿಡಿದು ಮುಂದೆ ನಿಂತಳು.

"ಒತ್ತೋದಕ್ಕೆ ಹೇಳು" ಎಂದಿತು ವ್ಯಾನಿನ ಹೊಟ್ಟೆಯಡಿಯ ದನಿ.

"ಮಾವ, ಒತ್ತಬೇಕಂತೆ."

"ಒತ್ತಿದೀನಿ ಅಂತ ಹೇಳು."

"ರೀ, ಒತ್ತಿದಾರಂತೆ."

"ಹಿಡ್ಕೊಂಡೇ ಇರಲಿ. ಬಿಡಬಾರದು ಅಂತ ಹೇಳು."

"ಮಾವ, ಬಿಡ..."

ಬಿಡ ಎಂದದ್ದೇ ತಡ, ಮಾವ ಬಿಟ್ಟರು. ಕೆಳಗಿನಿಂದ ಗುಳುಗುಳು ಸದ್ದು, ಅದರ ಬೆನ್ನಿಗೇ ಬೈಗುಳ.

"ಬಿಡಬಾರದು ಅಂದೆ! ಗಾಳಿ ಒಳಗೆ ಹೋಯ್ತು. ಮೊದಲಿಂದ!"

ಮೊದಲಿಂದ ಆಯಿತು. ಮತ್ತೆ ಮೊದಲಿಂದ ಆಯಿತು. ಒಮ್ಮೆ ಅವಳು ಆಯಿಲ್ ಸುರಿಯುತ್ತ ಹೇಳುವುದು ತಡವಾಯಿತು, ಒಮ್ಮೆ ಬೀದಿಯಲ್ಲಿ ಲಾರಿ ಹೋಗಿ ಕೇಳಲಿಲ್ಲ. ಒಮ್ಮೆ ಮಾವ "ಸ್ವಲ್ಪ ಬೇಗ ತಿರುಗಿಸಬಾರದಾ ಅಂತ ಕೇಳು" ಎಂದದ್ದನ್ನು ಅವಳು ಕೇಳುತ್ತಿರುವಾಗಲೇ ಅವರ ಕಾಲು ಜಾರಿತು. ಬಿಸಿಲು ನೆತ್ತಿಗೆ ಬಂತು. ಪೆಡಲು ಇನ್ನೂ ಒದ್ದೆ ಸ್ಪಂಜಿನ ಹಾಗೇ ಇತ್ತು. ಅವಳ ಮೊಣಕೈವರೆಗೆ ಆಯಿಲ್ ಇಳಿದಿತ್ತು. ಎರಡು ಲೋಡು ಬಟ್ಟೆ ಮಷೀನಿನಲ್ಲಿ ನೆನೆಯುತ್ತ ಬಿದ್ದಿತ್ತು.

"ಅವರಿಗೆ ಹೇಳು, ಈ ಸಲ..."

"ಹೇಳಲ್ಲ" ಎಂದಳು ಸೊಸೆ.

ಬಾಟಲಿಯನ್ನು ಕೆಳಗಿಳಿಸಿದಳು.

"ನನ್ನ ಕೈಲಾಗಲ್ಲ. ಒಬ್ಬರು ಮೇಲೆ, ಒಬ್ಬರು ಕೆಳಗೆ, ಮಧ್ಯದಲ್ಲಿ ಒಂದು ತಗಡು. ಈ ಮಾತು ನನ್ನ ಬಾಯಿಗೆ ಬಂದು ಆ ಕಿವಿ ಸೇರೋಷ್ಟರಲ್ಲಿ ಗಾಳಿ ಒಳಗೆ ಹೋಗಿರುತ್ತೆ. ಬೇಕಾದ್ರೆ ನೀವೇ ಮಾತಾಡ್ಕೊಳ್ಳಿ, ಬೇಡವಾದ್ರೆ ನಾಳೆ ಬರೋ ಗಿರಾಕಿಗೆ ಹೀಗೇ ಕೊಟ್ಟು ಕಳಿಸಿ. ಅತ್ತೆ! ಬನ್ನಿ ಇಲ್ಲಿ, ಈ ಬಾಟಲಿ ಹಿಡ್ಕೊಳ್ಳಿ. ನಂಗೆ ಆಲೂಗಡ್ಡೆ ಬೇಯಿಸೋದಿದೆ."

ಅಡುಗೆಮನೆಗೆ ಬಂದು ಕೈ ತೊಳೆದುಕೊಂಡಳು. ಬರೀ ನೀರಿಗೇ ಎಲ್ಲ ಹೋಯಿತು. ಚಾಕು ತೆಗೆದುಕೊಂಡು ಆಲೂಗಡ್ಡೆ ಸುಲಿಯತೊಡಗಿದಳು. ಕಿಟಕಿ ತೆರೆದೇ ಇತ್ತು. ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಒಂದು ಆಲೂಗಡ್ಡೆ ಮುಗಿಯಿತು, ಇನ್ನೊಂದು ಮುಗಿಯಿತು. ಇಷ್ಟು ವರ್ಷ ಇಲ್ಲದ್ದು ಇವತ್ತು ಬರುತ್ತದೆಯೇ ಎಂದುಕೊಂಡು ಅವಳಿಗೆ ಅಳುವೇ ಬಂತು.

"ಒತ್ತಿ" ಎಂದಿತು ಕೆಳಗಿನ ದನಿ, ಗೊಣಗಿದ ಹಾಗೆ.

"ಯಾರಿಗೆ ಹೇಳ್ತಿದೀಯ?"

"ಇನ್ಯಾರಿಗೆ? ನಿಮಗೇ! ಒತ್ತಿ ಅಪ್ಪ!"

"ಒತ್ತಿದೀನಿ."

"ಹಿಡ್ಕೊಳ್ಳಿ. ಹಿಡ್ಕೊಳ್ಳಿ... ಹಾಂ, ಬಿಡಿ."

"ಬಿಟ್ಟೆ."

"ಒತ್ತಿ."

"ಒತ್ತಿದೆ."

"ಹಿಡ್ಕೊ... ಯಾಕೆ ಬಿಟ್ರಿ?"

"ನೀನು ಹಾಂ ಅಂದೆ."

"ಹಾಂ ಅನ್ನಲಿಲ್ಲ, ಕೆಮ್ಮಿದೆ!"

"ಕೆಮ್ಮೋದಾದ್ರೆ ಹೇಳಿ ಕೆಮ್ಮು!"

"ಮೆಲ್ಲಗೆ ಬಿಡಿ, ಮೆಲ್ಲಗೆ. ಅವತ್ತು ಪೇಟೆ ಮಧ್ಯೆ ನಂಗೆ ಹೇಳ್ಕೊಟ್ರಲ್ಲ, ಹಾಗೆ."

"ಅವತ್ತು ಹಿಂದೆ ಬಸ್ಸು ಬರ್ತಿತ್ತು ಕಣೋ! ನೀನು ನೋಡಲಿಲ್ಲ, ನಾನು ನೋಡಿದೆ. ಹೆದರಿ ಕೂಗಿದೆ."

"ಹೆದರಿದ್ರೆ ಹೆದರಿದೆ ಅನ್ನಬೇಕಿತ್ತು. ಕಾಲಿದೆಯೋ ಕಂಬವಿದೆಯೋ ಅಂತ ಬೀದಿ ತುಂಬ ಮರ್ಯಾದೆ ತೆಗೆದ್ರಿ!"

"ಬಾಟಲಿ ತಳ ಕಾಣ್ತಿದೆ" ಎಂದರು ಅತ್ತೆ. "ಮೊದಲು ಗಾಳಿ ತೆಗೀರಿ, ಆಮೇಲೆ ಜಗಳ ಆಡಿ."

ಮತ್ತೆ ಒತ್ತಿ, ಹಿಡ್ಕೊಳ್ಳಿ, ಬಿಡಿ. ಮೊದಮೊದಲು ಒರಟೊರಟಾಗಿದ್ದ ದನಿಗಳು ಬರಬರುತ್ತ ಒಂದು ಹದಕ್ಕೆ ಬಂದವು. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ಸೊಸೆ ಒಲೆ ಹಚ್ಚಿದಳು.

"ತಾಳೋ" ಎಂದರು ಮಾವ ಇದ್ದಕ್ಕಿದ್ದಂತೆ. "ಸ್ವಲ್ಪ ತಾಳು. ಕಾಲು ನಡುಗ್ತಿದೆ."

ಸೊಸೆಯ ಕೈಯ ಚಾಕು ನಿಂತಿತು.

"ಎಡಗಾಲಾ?"

"ಕ್ಲಚ್ಚು ಬಲಗಾಲಲ್ಲಿ ಒತ್ತುತ್ತಾರೇನೋ? ಎಡಗಾಲೇ. ಕ್ಲಚ್ಚು ಕೆಟ್ಟಿದ್ದು ನಿಜ. ಆದ್ರೆ ಕ್ಲಚ್ಚೊಂದೇ ಅಲ್ಲ ಅಂತ ಕಾಣುತ್ತೆ."

ಇಷ್ಟು ದಿನ ಅದನ್ನೇ ಮನೆಯೆಲ್ಲ ಸಾರಿಕೊಂಡು ತಿರುಗಿದ ಮಗ ನಿಪ್ಪಲ್ ಬಿಗಿಮಾಡಿ ಸ್ಪ್ಯಾನರನ್ನು ಪಕ್ಕಕ್ಕಿಟ್ಟ. ಕೆಳಗಿನಿಂದ ದನಿ ಬಂತು, ಗೊಣಗಾಟವಿಲ್ಲದ್ದು.

"ಅವಸರವಿಲ್ಲ ಅಪ್ಪ. ಸುಧಾರಿಸ್ಕೊಳ್ಳಿ. ನಾನು ಮಲಗೇ ಇದೀನಿ."

"ಯಾರಿಗೂ ಹೇಳಬೇಡ."

"ಗಾಡಿ ಕೆಳಗೆ ಯಾರಿದಾರೆ ಹೇಳೋದಕ್ಕೆ?"

ಮುಂದೆ ಬಾಟಲಿ ಹಿಡಿದು ನಿಂತಿದ್ದ ಅತ್ತೆ ಆಕಾಶ ನೋಡುತ್ತ ತಮಗೇನೂ ಕೇಳಿಸದ ಹಾಗೆ ನಿಂತಿದ್ದರು. ಅಡುಗೆಮನೆಯಲ್ಲಿ ಸೊಸೆಯೂ ಏನೂ ಕೇಳಿಸದವಳಂತೆ ನೀರಿಗೆ ಉಪ್ಪು ಹಾಕಿದಳು, ಆಮೇಲೆ ಮರೆತು ಇನ್ನೊಮ್ಮೆ ಹಾಕಿದಳು.

ಆಲೂಗಡ್ಡೆ ಬೇಯುವ ಹೊತ್ತಿಗೆ ವ್ಯಾನು ಸ್ಟಾರ್ಟಾಯಿತು. ಅವಳು ಉಸಿರು ಬಿಗಿಹಿಡಿದು ಆ ಗರ್ರ್‌ಗಾಗಿ ಕಾದಳು. ಬರಲಿಲ್ಲ. ಕಿಟಕಿಯಿಂದ ನೋಡಿದರೆ ವ್ಯಾನು ಸದ್ದಿಲ್ಲದೆ ಹಿಂದಕ್ಕೆ ಸರಿದು ಗೇಟಿನ ಹೊರಗೆ ಹೋಗಿತ್ತು.

ಊಟಕ್ಕೆ ಕೂತಾಗ ಕೀಲಿ ಮೊಳೆಗೆ ಮರಳಿತ್ತು. ಕಾಲೇಜಿನಿಂದ ಬಂದ ಮಗಳು ಕೇಳಿದಳು, "ಅಪ್ಪ, ನಾಳೆ ಗಿರಾಕಿ?"

"ಬರಬೇಡ ಅಂದೆ."

ಮಾವ ಗಂಟಲು ಸರಿಮಾಡಿಕೊಂಡು ಅಭ್ಯಾಸಬಲದಿಂದ ಸೊಸೆಯ ಕಡೆ ತಿರುಗಿದರು. "ನೋಡಮ್ಮ, ನಿನ್ನ ಗಂಡನಿಗೆ ಹೇಳು..."

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ನೀರು ಕುಡಿಯುವ ನೆಪ ಮಾಡಿದರು. ಮಾವ ಒಂದು ಕ್ಷಣ ಕಾದು, ಮಗನ ಕಡೆ ತಿರುಗಿದರು.

"ಬೆಳಗಿನ ಟ್ರಿಪ್ಪು ನಾನು ಮಾಡ್ತೀನಿ. ಸಂಜೆದು ನೀನು ಮಾಡು. ಎರಡೂ ನನ್ನ ಕಾಲಿಗೆ ಆಗಲ್ಲ."

"ಆಯ್ತು."

"ಹೊಸ ಸಿಲಿಂಡರು. ಕ್ಲಚ್ಚು ಮೆಲ್ಲಗೆ ಬಿಡು."

"ಮತ್ತೆ ಶುರು ಮಾಡಿದ್ರಾ?"

"ಹೇಳಿದೆ ಅಷ್ಟೇ. ಆ ಉಪ್ಪು ಕೊಡೋ ಈ ಕಡೆ."

"ಇವತ್ತು ಉಪ್ಪು ಜಾಸ್ತಿನೇ ಆಗಿದೆ. ಡಾಕ್ಟರು ಏನು ಹೇಳಿದಾರೆ?"

"ಕೊಡೋ ಅಂದ್ರೆ!"

"ಕೊಡಲ್ಲ ಅಂದ್ರೆ!"

ಡಬ್ಬಿ ಮೇಜಿನ ಮೇಲೆ ಆಚೆ ಈಚೆ ಓಡಾಡಿತು. ಇಬ್ಬರ ದನಿಯೂ ಏರಿತು. ನಡುವೆ ಕೂತ ಸೊಸೆಯನ್ನು ಯಾರೂ ಏನೂ ಕೇಳಲಿಲ್ಲ, ಏನೂ ಹೇಳೆನ್ನಲಿಲ್ಲ. ಅವಳು ಆಲೂಗಡ್ಡೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರ್ ಎಂದಿತು. ಅಷ್ಟು ಬಿಸಿಯಿತ್ತು.